ಚಟ ಬಿಟ್ಟು ಹಾಸ್ಟೆಲ್‌ಗೆ ಮರಳಿದವರ ಸಂಜೆಗಳು: ಜೊತೆಗಿರುವವರಿಗೊಂದು ಮಾರ್ಗದರ್ಶಿ

ಮೆಸ್ಸಿನ ಸಾಲಿನಲ್ಲಿ ನಿಂತಿದ್ದ ಹುಡುಗನ ಹೆಗಲ ಮೇಲೆ ಕೈಹಾಕಿ, "ಏನಪ್ಪಾ, ಈಗ ಹೇಗಿದೀಯ? ಪೂರ್ತಿ ಬಿಟ್ಟೆ ತಾನೆ?" ಅಂತ ಕೇಳಿಬಿಟ್ಟೆ. ಪ್ರೀತಿಯಿಂದಲೇ ಕೇಳಿದ್ದು. ಅವನು ಚಿಕಿತ್ಸೆ ಮುಗಿಸಿ ಹಾಸ್ಟೆಲ್‌ಗೆ ಬಂದು ಎರಡು ದಿನ ಆಗಿತ್ತಷ್ಟೆ. ಹಿಂದೆ ಮುಂದೆ ನಿಂತಿದ್ದ ಐದಾರು ಜನ ತಿರುಗಿ ನೋಡಿದರು. ಆಗಷ್ಟೇ ಮುದ್ದೆ ಹಾಕಿಸಿಕೊಂಡಿದ್ದ ತಟ್ಟೆಯನ್ನು ಕಿಟಕಿ ಕಟ್ಟೆಯ ಮೇಲಿಟ್ಟು, "ಹೂಂ ಸರ್" ಎಂದು ಹೊರಟುಹೋದ. ಆ ರಾತ್ರಿ ಅವನು ಉಣ್ಣಲಿಲ್ಲ. ನಾನು ವಾರ್ಡನ್ ಆಗಿ ಅದು ಮೂರನೇ ವರ್ಷ. ಹುಡುಗರನ್ನು ಚೆನ್ನಾಗಿ ಬಲ್ಲೆ ಎಂಬ ಹಮ್ಮು ಇತ್ತು.

ಆಮೇಲೆ ಇಂಥ ಹಲವು ಹುಡುಗರ ಜೊತೆ ದಿನ ಕಳೆದಿದ್ದೇನೆ. ಗಾಂಜಾ ಬಿಟ್ಟವರು, ಕುಡಿತ ಬಿಟ್ಟವರು, ನೋವಿನ ಮಾತ್ರೆಗಳಿಗೆ ಸಿಕ್ಕಿಬಿದ್ದು ಹೊರಬಂದವರು. ಆಸ್ಪತ್ರೆಯಲ್ಲಿ ಡಾಕ್ಟರು ಮಾಡಬೇಕಾದ್ದನ್ನು ಮಾಡಿ ಕಳಿಸಿರುತ್ತಾರೆ. ಕಷ್ಟ ಶುರುವಾಗುವುದು ಕ್ಲಾಸ್ ಬಿಟ್ಟ ಮೇಲೆ, ಸಂಜೆ ಐದೂವರೆಗೆ. ಅಲ್ಲಿಂದ ರಾತ್ರಿ ಹನ್ನೊಂದರವರೆಗಿನ ಹೊತ್ತನ್ನು ಹೇಗೆ ದಾಟಿಸುವುದು ಎನ್ನುವುದೇ ಈ ಬರಹದ ಮುಖ್ಯ ವಿಷಯ. ರೂಮ್‌ಮೇಟ್, ಲೆಕ್ಚರರ್, ವಾರ್ಡನ್, ಅಪ್ಪ ಅಮ್ಮ, ಯಾರು ಓದುತ್ತಿದ್ದರೂ ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಿ.

ಮೊದಲ ಹೆಜ್ಜೆ: ಬರುವ ಮುನ್ನವೇ, ಯಾರಿಗೆ ಎಷ್ಟು ಗೊತ್ತಿರಬೇಕು

ವಿದ್ಯಾರ್ಥಿ ಕಾಲೇಜಿಗೆ ಮರಳುವ ಒಂದು ವಾರ ಮೊದಲು ನಾಲ್ಕು ಜನ ಒಂದು ಕಡೆ ಕೂರಬೇಕು: ವಿದ್ಯಾರ್ಥಿ, ಮನೆಯವರೊಬ್ಬರು, ನಂಬಿಕೆಯ ಒಬ್ಬ ಅಧ್ಯಾಪಕರು, ಹಾಸ್ಟೆಲ್‌ನಲ್ಲಿದ್ದರೆ ವಾರ್ಡನ್. ಅಲ್ಲಿ ತೀರ್ಮಾನವಾಗಬೇಕಾದ ಮೊದಲ ಸಂಗತಿ, ಈ ವಿಷಯ ಇನ್ನು ಯಾರ ಕಿವಿಗೆ ಬೀಳಬೇಕು ಎಂಬುದು. ಹೆಸರುಗಳನ್ನು ವಿದ್ಯಾರ್ಥಿಯೇ ಹೇಳಲಿ. ಅವನು ಮೂರು ಹೆಸರು ಹೇಳಿದರೆ ಮೂರೇ. ಎಚ್‌ಒಡಿಗೆ ಗೊತ್ತಿರಲಿ ಬಿಡಿ ಎಂದು ನಾವು ನಾಲ್ಕನೆಯದನ್ನು ಸೇರಿಸಬಾರದು. ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಗೊತ್ತಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತೆಂದೇ ಲೆಕ್ಕ.

ಇದರಲ್ಲಿ ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅದರ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ. ಅಂದಮೇಲೆ ಕಾಲೇಜಿನವರು ಆಸ್ಪತ್ರೆಗೆ ಫೋನ್ ಹಚ್ಚಿ "ನಮ್ಮ ಹುಡುಗನಿಗೆ ಏನಾಗಿತ್ತು?" ಎಂದು ಕೇಳಿದರೆ ಡಾಕ್ಟರು ಹೇಳುವ ಹಾಗಿಲ್ಲ.

ಹಾಜರಾತಿಯ ಶಾರ್ಟೇಜ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಗಾಬರಿಯಲ್ಲಿ ಡಿಸ್ಚಾರ್ಜ್ ಸಮ್ಮರಿಯನ್ನೇ ಜೆರಾಕ್ಸ್ ಮಾಡಿಸಿ ಆಫೀಸಿಗೆ ಕೊಟ್ಟುಬಿಡುತ್ತಾರೆ. ಅದರಲ್ಲಿ ಎಲ್ಲವೂ ಇರುತ್ತದೆ: ಎಷ್ಟು ವರ್ಷದಿಂದ, ಯಾವುದು, ಮನೆಯಲ್ಲಿ ಯಾರಿಗೆ ಕುಡಿತ ಇತ್ತು ಎಂಬುದರ ಸಮೇತ. ಕಾಲೇಜಿಗೆ ಅಷ್ಟು ಬೇಕಿಲ್ಲ. "ಇಂಥ ದಿನದಿಂದ ಇಂಥ ದಿನದವರೆಗೆ ಚಿಕಿತ್ಸೆಯಲ್ಲಿದ್ದರು, ಈಗ ತರಗತಿಗೆ ಹಾಜರಾಗಲು ಸಮರ್ಥರು" ಎಂಬ ಫಿಟ್‌ನೆಸ್ ಪತ್ರ ಸಾಕು. ಡಾಕ್ಟರ ಹತ್ತಿರ ಅದನ್ನೇ ಕೇಳಿ ಬರೆಸಿಕೊಳ್ಳಿ.

ಬ್ಯಾಕ್ ಪೇಪರ್‌ಗಳ ವಿಚಾರದಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಹೋದ ಸೆಮಿಸ್ಟರಿನ ನಾಲ್ಕು, ಈ ಸೆಮಿಸ್ಟರಿನ ಆರು, ಎಲ್ಲವನ್ನೂ ಒಂದೇ ಸಲ ಕಟ್ಟಿಸಲೇಬೇಡಿ. ಎರಡು ಬ್ಯಾಕ್ ಉಳಿದರೆ ಉಳಿಯಲಿ. "ಕಳೆದುಕೊಂಡ ವರ್ಷವನ್ನೆಲ್ಲ ಈಗ ಹಿಡಿಯಬೇಕು" ಎಂಬ ಹುರುಪು ಮೊದಲ ತಿಂಗಳು ಬಲು ಚೆಂದ ಕಾಣುತ್ತದೆ. ಇಂಟರ್ನಲ್ಸ್ ಮಾರ್ಕ್ಸ್ ಬಂದ ದಿನ ಅದೇ ಹುರುಪು ಕುತ್ತಿಗೆಗೆ ಬರುತ್ತದೆ.

ಎರಡನೇ ಹೆಜ್ಜೆ: ರೂಮು, ದುಡ್ಡು, ಫೋನು

ಹಳೇ ರೂಮಿಗೆ ಮತ್ತೆ ಹಾಕಬೇಡಿ. ಅದೇ ಕಿಟಕಿ, ಅದೇ ಮೂಲೆ, ಅದೇ ರೂಮ್‌ಮೇಟ್ ಇದ್ದರೆ ಬಿಟ್ಟ ಚಟ ನೆನಪಾಗಲು ಬೇರೇನೂ ಬೇಕಿಲ್ಲ. ಬದಲಿಸಲು ಆಗದಿದ್ದರೆ, ಅವನು ಬರುವ ಮುನ್ನ ಇಬ್ಬರು ಗೆಳೆಯರು ಕೂತು ರೂಮು ಶೋಧಿಸಿ: ಹಾಸಿಗೆ ಅಡಿ, ಫ್ಯಾನಿನ ಮೇಲ್ಗಡೆಯ ಮುಚ್ಚಳ, ಹಳೇ ಶೂ, ಪುಸ್ತಕದ ಬೆನ್ನಿನ ಸಂದು. ಸಿಕ್ಕಿದ ರೋಲಿಂಗ್ ಪೇಪರ್, ಲೈಟರ್, ಖಾಲಿ ಸ್ಟ್ರಿಪ್‌ಗಳು ಅವನ ಕಣ್ಣಿಗೆ ಬೀಳದ ಹಾಗೆ ಹೊರಗೆ ಹೋಗಲಿ. ಒಬ್ಬನೇ ಇರುವ ಪಿಜಿ ರೂಮು ಮೊದಲ ಆರು ತಿಂಗಳು ಬೇಡವೇ ಬೇಡ.

ಮನೆಯಿಂದ ಬರುವ ದುಡ್ಡು ತಿಂಗಳಿಗೊಮ್ಮೆ ಇಡುಗಂಟಾಗಿ ಬರುವ ಬದಲು ವಾರಕ್ಕೊಮ್ಮೆ ಬರಲಿ. ಇದನ್ನು ಅವನಿಗೆ ಹೇಳಿಯೇ, ಅವನ ಒಪ್ಪಿಗೆ ಪಡೆದೇ ಮಾಡಿ. ಗುಟ್ಟಾಗಿ ಮಾಡಿದರೆ ಶಿಕ್ಷೆಯಂತೆ ತೋರುತ್ತದೆ.

ಫೋನಿನಲ್ಲಿ ಮಾಲು ಕೊಡುತ್ತಿದ್ದವನ ನಂಬರ್ ಇರುತ್ತದೆ. ಬೇರೆ ಹೆಸರಿನಲ್ಲಿ, 'ವಾಟರ್ ಕ್ಯಾನ್' ಅಂತಲೋ 'ಲ್ಯಾಬ್ ಅಸಿಸ್ಟೆಂಟ್' ಅಂತಲೋ. ಅದನ್ನು ಅಳಿಸಿದರೆ ಸಾಲದು, ಆ ಕಡೆಯಿಂದಲೂ ಫೋನ್ ಬರುತ್ತದಲ್ಲ! ನಂಬರನ್ನೇ ಬದಲಿಸುವುದು ಒಳ್ಳೆಯದು. ಬ್ಯಾಂಕು, ಆಧಾರ್ ಎಂದು ಒಂದು ದಿನ ಓಡಾಟವಾಗುತ್ತದೆ, ಆಗಲಿ.

ಮೂರನೇ ಹೆಜ್ಜೆ: ಏನು ಬಿಟ್ಟಿದ್ದಾನೆ, ಯಾವ ಮಾತ್ರೆಯಲ್ಲಿದ್ದಾನೆ

ಎಲ್ಲ ಚಟಕ್ಕೂ ಒಂದೇ ಮದ್ದು ಎಂದು ತಿಳಿದರೆ ಅನಾಹುತವಾಗುತ್ತದೆ. ಗಾಂಜಾ ಬಿಟ್ಟವರಿಗೆ ಮೊದಲ ವಾರ ಸಿಡುಕು ಜಾಸ್ತಿ, ಊಟ ಸೇರದು, ನಿದ್ದೆ ಬಾರದು, ಬಂದರೆ ವಿಚಿತ್ರ ಕನಸುಗಳು. ಸಾಮಾನ್ಯವಾಗಿ ಎರಡು ವಾರದಲ್ಲಿ ಇಳಿಯುತ್ತದೆ. ನಿದ್ದೆ ಸರಿಹೋಗಲು ಇನ್ನೂ ಕೆಲವು ದಿನ ಹಿಡಿಯಬಹುದು. ಆ ದಿನಗಳಲ್ಲಿ ಅವನು ನಿಮ್ಮ ಮೇಲೆ ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕುಡಿತದ್ದು ಬೇರೆ ಕತೆ. ದಿನಾ ವಿಪರೀತ ಕುಡಿಯುತ್ತಿದ್ದವರು "ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ" ಎಂದು ರೂಮಿನಲ್ಲೇ ಶಪಥ ಹಾಕಿ ಕೂರುವುದು ಅಪಾಯ. ನಿಲ್ಲಿಸಿದ ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂದು ತಿಳಿಯದೆ ಇರುವುದು ಶುರುವಾದರೆ ಜೀವಕ್ಕೇ ಕುತ್ತು. ನಿದ್ದೆ ಮಾತ್ರೆ ಚಟಕ್ಕೆ ಬಿದ್ದವರೂ ಹಾಗೇ, ಒಮ್ಮೆಲೇ ನಿಲ್ಲಿಸಬಾರದು. ಇವೆರಡನ್ನೂ ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು.

ನೋವಿನ ಮಾತ್ರೆ, ಹೆರಾಯಿನ್ ತರದ ಓಪಿಯಾಯ್ಡ್ (ಅಫೀಮಿನ ಜಾತಿಯ ಮದ್ದು) ಬಿಟ್ಟವರ ಜೊತೆಗಿರುವವರು ಇದೊಂದನ್ನು ಮರೆಯಬಾರದು. ಕೆಲವು ವಾರ ಬಿಟ್ಟ ಮೇಲೆ ಮೈ ಹಳೇ ಪ್ರಮಾಣವನ್ನು ತಾಳುವುದಿಲ್ಲ. "ಮುಂಚೆ ಎಷ್ಟು ತಗೋತಿದ್ದೆನೋ ಅಷ್ಟೇ" ಎಂದು ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಮೈ ತಣ್ಣಗಾಗಿ, ತುಟಿ ನೀಲಿಗಟ್ಟಿ, ಗೊರಕೆಯಂಥ ಸದ್ದು ಬರುತ್ತಾ, ಅಲುಗಾಡಿಸಿದರೂ ಏಳದಿದ್ದರೆ "ಮಲಗಿದಾನೆ ಬಿಡು" ಎನ್ನಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲೇ ಇರಿ. ಏನು ತೆಗೆದುಕೊಂಡ ಎಂಬುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ.

ಕುಡಿತ ಬಿಟ್ಟ ಕೆಲವರಿಗೆ, ಮತ್ತೆ ಕುಡಿಯದಿರಲೆಂದು ಡೈಸಲ್ಫಿರಾಮ್ ಎಂಬ ಮಾತ್ರೆ ಕೊಟ್ಟಿರುತ್ತಾರೆ. ಅದರ ಮೇಲೆ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ. ಆಸ್ಪತ್ರೆ ಸೇರುವಷ್ಟು ಜೋರಾಗಿಯೂ ಆಗಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಉಳಿದಿರುತ್ತದೆ. ಒಬ್ಬ ಹುಡುಗನ ಅಮ್ಮ, ಮಗ ಸೊರಗಿದ್ದಾನೆಂದು ಊರಿಂದ ಅಶ್ವಗಂಧಾರಿಷ್ಟದ ಬಾಟಲಿ ಕಳಿಸಿದ್ದರು. ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ ಎಂದು ಪಾಪ ಅವರಿಗೇನು ಗೊತ್ತು? ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಮತ್ತೆ ಚಟಕ್ಕೆ ಬೀಳದಿರಲು ಕೊಡುವ ನಾಲ್ಟ್ರೆಕ್ಸೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಓಪಿಯಾಯ್ಡ್ ಜಾತಿಯ ನೋವಿನ ಮದ್ದುಗಳು ಕೆಲಸ ಮಾಡುವುದಿಲ್ಲ. ಬೈಕಿಂದ ಬಿದ್ದು ಆಸ್ಪತ್ರೆಗೆ ಹೋದರೆ ಅಲ್ಲಿನವರಿಗೆ ಇದು ತಿಳಿಯಬೇಕು. ಮಾತ್ರೆಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ.

ನಾಲ್ಕನೇ ಹೆಜ್ಜೆ: ಸಂಜೆ ಐದೂವರೆಯಿಂದ ಹನ್ನೊಂದು

ಬೆಳಗ್ಗೆ ಕ್ಲಾಸು, ಲ್ಯಾಬು, ಹಾಜರಿ ಎಂದು ಹೊತ್ತು ಹೋಗುತ್ತದೆ. ಕೊನೆಯ ಪೀರಿಯಡ್ ಮುಗಿದು, ಗೇಟಿನಾಚೆಯ ಟೀ ಅಂಗಡಿಯ ಹಿಂದೆ ಹುಡುಗರು ಸೇರುವ ಹೊತ್ತಿಗೆ ಕಾಲು ತಾನಾಗಿ ಅತ್ತ ತಿರುಗುತ್ತದೆ. ವರ್ಷಗಟ್ಟಲೆ ನಡೆದ ದಾರಿ ಅದು.

ಒಂದು ಹಾಳೆ ತೆಗೆದುಕೊಂಡು, ವಾರದ ಏಳು ಸಂಜೆಗಳನ್ನೂ ಅರ್ಧರ್ಧ ಗಂಟೆಯ ಮನೆಗಳಾಗಿ ಗೆರೆ ಎಳೆಯಿರಿ. ಯಾವ ಮನೆಯಲ್ಲಿ ಏನು, ಯಾರ ಜೊತೆ, ಎಲ್ಲಿ ಎಂದು ಅವನ ಕೈಯಲ್ಲೇ ಬರೆಸಿ. "ಓದುವುದು" ಎಂದು ಐದೂವರೆ ಗಂಟೆಯನ್ನೂ ತುಂಬಿಸಿದರೆ ಆ ಹಾಳೆ ಹರಿದು ಎಸೆಯಿರಿ, ಅದು ಒಂದು ದಿನವೂ ನಡೆಯುವುದಿಲ್ಲ. ಮೈ ದಣಿಯುವ ಕೆಲಸ ಒಂದು, ಕೈಗೆ ಕೆಲಸ ಕೊಡುವುದು ಒಂದು, ಮನುಷ್ಯರ ಜೊತೆಗಿನ ಮಾತು ಒಂದು, ಇಷ್ಟಿರಲಿ. ತಟ್ಟೆ ಇಟ್ಟು ಹೋಗಿದ್ದ ಆ ಹುಡುಗನ ಹಾಳೆ ನನಗೆ ಇನ್ನೂ ನೆನಪಿದೆ. ಐದೂವರೆಗೆ ವಾಲಿಬಾಲ್. ಆರೂವರೆಗೆ ಸ್ನಾನ. ಏಳಕ್ಕೆ ಮೆಸ್ಸಿನ ಅಡುಗೆಮನೆ. ಅಡುಗೆಯವರ ಜೊತೆ ಈರುಳ್ಳಿ ಹೆಚ್ಚುವುದು. ಇದನ್ನು ಸೂಚಿಸಿದ್ದು ನಾನಲ್ಲ, ಮೆಸ್ಸಿನ ಭಟ್ಟರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಎರಡು ದಿನ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಹುಡುಗನನ್ನು ನೋಡಿ, "ಬಾರಪ್ಪಾ, ನಿಂತ್ಕೊಂಡು ಏನ್ ಮಾಡ್ತೀಯ, ಇದನ್ನ ಹೆಚ್ಚು" ಎಂದು ಚಾಕು ಕೊಟ್ಟಿದ್ದರು. ನೂರಿಪ್ಪತ್ತು ಜನರ ಸಾರಿಗೆ ಈರುಳ್ಳಿ ಹೆಚ್ಚುವುದೆಂದರೆ ಮುಕ್ಕಾಲು ಗಂಟೆಯ ಕೆಲಸ. ಕಣ್ಣಲ್ಲಿ ನೀರು ಬಂದರೆ ಯಾರೂ ಯಾಕೆಂದು ಕೇಳುವುದಿಲ್ಲ.

ಆಸೆ ಉಕ್ಕುವುದು ಅಲೆ ಬಂದ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ. ಅಷ್ಟು ಹೊತ್ತು ದಾಟಿಸಲು ಒಬ್ಬರು ಪಕ್ಕದಲ್ಲಿದ್ದರೆ ಸಾಕು. ಉಪದೇಶ ಬೇಡ. "ಈಗ ಎಷ್ಟಿದೆ? ಹತ್ತಕ್ಕೆ ಎಷ್ಟು?" ಎಂದು ಕೇಳಿ. ಎಂಟು ಅನ್ನುತ್ತಾನೆ. ನೀರು ಕುಡಿಸಿ, ಎದ್ದು ಜೊತೆಗೆ ಒಂದು ಸುತ್ತು ನಡೆಯಿರಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿ. ಆರು ಅನ್ನುತ್ತಾನೆ. ಎಂಟು ಆರಾದದ್ದನ್ನು ಅವನೇ ಗಮನಿಸಿದರೆ ಮುಂದಿನ ಸಲ ಅದೇ ಅವನಿಗೆ ಧೈರ್ಯ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿದ್ದರೂ ಆಸೆಯ ಬಲ ಹೆಚ್ಚುತ್ತದೆ. ಹಾಗಾಗಿ ಫೋನ್ ಬಂದಾಗ ನಾನು ಮೊದಲು ಕೇಳುತ್ತಿದ್ದುದು "ಊಟ ಆಯ್ತಾ?" ಎಂದೇ.

ಬೇಡ ಅನ್ನುವುದನ್ನೂ ಮೊದಲೇ ಬಾಯಿಪಾಠ ಮಾಡಿಸಬೇಕು. "ಮಗಾ, ಒಂದೇ ಒಂದು ಪೆಗ್ ಕಣೋ, ನನ್ನ ಬರ್ತ್‌ಡೇ" ಎಂದು ಎದುರಿಗೆ ಗ್ಲಾಸ್ ಹಿಡಿದು ನಿಂತಾಗ ತತ್ವ ಹೊಳೆಯುವುದಿಲ್ಲ. "ಮಾತ್ರೆ ತಗೋತಿದೀನಿ ಮಗಾ, ಡಾಕ್ಟ್ರು ಬೇಡ ಅಂದಿದಾರೆ", ಇಷ್ಟೇ ಮಾತು. ಸುಳ್ಳೂ ಅಲ್ಲ, ಚರ್ಚೆಗೂ ಎಡೆಯಿಲ್ಲ. ರೂಮಿನಲ್ಲಿ ನೀವೇ ಒತ್ತಾಯ ಮಾಡುವ ಗೆಳೆಯನ ಪಾತ್ರ ಹಾಕಿ ನಾಲ್ಕು ಸಲ ಹೇಳಿಸಿ. ನಗು ಬರುತ್ತದೆ, ಬರಲಿ.

ಮನೆಯವರು, ಮೇಷ್ಟ್ರುಗಳು ಫೇಲಾದ ದಿನ, ಪ್ರೀತಿ ಮುರಿದ ದಿನದ ಬಗ್ಗೆ ಹೆದರುತ್ತಾರೆ. ನಾನು ಕಂಡಂತೆ ಖುಷಿಯ ದಿನಗಳೂ ಅಷ್ಟೇ ಅಪಾಯದವು: ಪರೀಕ್ಷೆ ಮುಗಿದ ಮಧ್ಯಾಹ್ನ, ಕಾಲೇಜ್ ಫೆಸ್ಟ್, ಪ್ಲೇಸ್‌ಮೆಂಟ್ ಆದ ಸಂಜೆಯ ಟ್ರೀಟ್, ಗೋವಾ ಟ್ರಿಪ್. ಕ್ಯಾಲೆಂಡರಿನಲ್ಲಿ ಅವನ್ನು ಮೊದಲೇ ಗುರುತು ಹಾಕಿ, ಆ ದಿನ ಎಲ್ಲಿರಬೇಕು ಎಂದು ವಾರ ಮುಂಚೆಯೇ ಗೊತ್ತುಮಾಡಿ. ಕಡೆಯ ಪರೀಕ್ಷೆ ಬರೆದ ಅರ್ಧ ಗಂಟೆಯಲ್ಲೇ ಊರಿನ ಬಸ್ಸು ಹತ್ತಿಸುವುದೂ ಒಂದು ಉಪಾಯ.

ಐದನೇ ಹೆಜ್ಜೆ: ಅದೇ ದಾರಿ ನಡೆದವರು

ನಾವು ಎಷ್ಟು ಒಳ್ಳೆಯವರಾದರೂ, ಚಟ ಬಿಟ್ಟ ಇನ್ನೊಬ್ಬರು ಹೇಳಿದ ಮಾತು ನಾಟುವಷ್ಟು ನಮ್ಮದು ನಾಟುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡವು. ಬ್ರೌನ್ ವಿಶ್ವವಿದ್ಯಾಲಯದಲ್ಲಿ 1977ರಲ್ಲೇ ಚೇತರಿಸಿಕೊಳ್ಳುತ್ತಿರುವ ವಿದ್ಯಾರ್ಥಿಗಳಿಗೆಂದು ಬೆಂಬಲ ವ್ಯವಸ್ಥೆ ಶುರುವಾಯಿತು. ರಟ್ಗರ್ಸ್ ವಿಶ್ವವಿದ್ಯಾಲಯ 1988ರಲ್ಲಿ ಅಂಥವರೇ ಒಟ್ಟಿಗಿರುವ ಹಾಸ್ಟೆಲ್ ತೆರೆಯಿತು. ಎಂಎಸ್ ಮಾಡಲು ಅಲ್ಲಿಗೆ ಹೊರಟ ನಮ್ಮ ಹುಡುಗರಲ್ಲಿ ಇಂಥ ಹಿನ್ನೆಲೆ ಇದ್ದವರು, ಯೂನಿವರ್ಸಿಟಿ ಆರಿಸುವಾಗಲೇ ಅಲ್ಲಿ 'ಕಾಲೇಜಿಯೇಟ್ ರಿಕವರಿ' ವ್ಯವಸ್ಥೆ ಇದೆಯೇ ಎಂದು ನೋಡಿಕೊಳ್ಳಲಿ.

ನಮ್ಮ ಕಾಲೇಜುಗಳಲ್ಲಿ ಅಂಥ ಹಾಸ್ಟೆಲ್ ನಾನು ಕಂಡಿಲ್ಲ. ಆದರೆ ಒಂದು ಖಾಲಿ ರೂಮು, ವಾರಕ್ಕೊಂದು ಸಂಜೆ, ಇಬ್ಬರು ಹುಡುಗರಿದ್ದರೆ ಶುರು ಮಾಡಬಹುದು. ಹೊರಗೆ, ಚಟ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್, ನಾರ್ಕೋಟಿಕ್ಸ್ ಅನಾನಿಮಸ್ ಸಭೆಗಳು ನಡೆಯುತ್ತವೆ, ಶುಲ್ಕವಿಲ್ಲ, ಪೂರ್ತಿ ಹೆಸರೂ ಕೇಳುವುದಿಲ್ಲ. ಮೊದಲ ಸಲ ಬಾಗಿಲ ತನಕ ಜೊತೆಗೆ ಹೋಗಿ, ಮುಗಿಯುವವರೆಗೆ ಹೊರಗೆ ಕಾದಿರಿ. ಒಳಗೆ ವಯಸ್ಸಾದವರೇ ಹೆಚ್ಚಿದ್ದರೆ ಇಪ್ಪತ್ತರ ಹುಡುಗನಿಗೆ ಒಗ್ಗದೆ ಇರಬಹುದು. ಬೇರೆ ಸಭೆ ಹುಡುಕಿ. ಹಳ್ಳಿ ಕಡೆಯವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಗೊತ್ತೇ ಇವೆ. ಶಿಬಿರ ಮುಗಿಸಿದವರದೇ ನವಜೀವನ ಸಮಿತಿಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ಆ ಸಂಪರ್ಕ ಉಪಯೋಗಕ್ಕೆ ಬರುತ್ತದೆ.

ಡಾಕ್ಟರ ಫಾಲೋಅಪ್ ತಪ್ಪಬಾರದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಇದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಹಲವು ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಆ ದಿನ ಇಂಟರ್ನಲ್ಸ್ ಬೀಳದ ಹಾಗೆ ನೋಡಿಕೊಳ್ಳುವುದು ಅಧ್ಯಾಪಕರ ಕೈಯಲ್ಲಿದೆ.

ಆರನೇ ಹೆಜ್ಜೆ: ಮತ್ತೆ ಮುಟ್ಟಿದ ರಾತ್ರಿ

ಇದು ಬರುವ ಸಾಧ್ಯತೆ ಇದ್ದೇ ಇದೆ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಮಂದಿ ಮತ್ತೆ ಜಾರುತ್ತಾರೆಂದು ವೈದ್ಯಲೋಕದ ಅಂದಾಜು. ಬಿಪಿ, ಆಸ್ತಮಾ ಮರುಕಳಿಸುವ ಪ್ರಮಾಣಕ್ಕೆ ಹೆಚ್ಚುಕಮ್ಮಿ ಸಮ. ಬಿಪಿ ಏರಿದವರಿಗೆ ನಾವು "ನಂಬಿಕೆದ್ರೋಹ ಮಾಡಿದೆ" ಅನ್ನುವುದಿಲ್ಲ.

ಆ ರಾತ್ರಿ ಮಾಡಬೇಕಾದ್ದು ಕಡಿಮೆ. ಉಸಿರು, ಪ್ರಜ್ಞೆ ಸರಿಯಿದೆಯೇ ನೋಡಿ. ಇಲ್ಲದಿದ್ದರೆ 108. ಸರಿಯಿದ್ದರೆ ಮಲಗಿಸಿ, ಒಬ್ಬನೇ ಬಿಡಬೇಡಿ. "ಸಾಯಬೇಕು ಅನ್ಸತ್ತೆ" ಎಂಬ ಮಾತೇನಾದರೂ ಬಂದರೆ ಅದನ್ನು ಅಮಲಿನ ಮಾತೆಂದು ತಳ್ಳಿಹಾಕದೆ ಅಂದೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ವಿಚಾರಣೆ, ವೀಡಿಯೊ, ಅಪ್ಪನಿಗೆ ಮಧ್ಯರಾತ್ರಿಯ ಫೋನು, ಯಾವುದೂ ಬೇಡ. ಮರುದಿನ ತಿಂಡಿಯಾದ ಮೇಲೆ ಕೂತು ಕೇಳಿ: ನಿನ್ನೆ ಸಂಜೆ ಎಷ್ಟು ಹೊತ್ತಿಗೆ ಮನಸ್ಸು ಅತ್ತ ಹೋಯಿತು? ಆಗ ಎಲ್ಲಿದ್ದೆ? ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸಿತ್ತಾ? ಆ ಉತ್ತರದಿಂದ ಹಾಳೆಯ ಒಂದು ಮನೆ ಬದಲಾಗುತ್ತದೆ. ಆ ವಾರವೇ ಡಾಕ್ಟರನ್ನೂ ಕಾಣಲಿ. ಒಂದು ದಿನ ಜಾರಿದ್ದು ಒಂದು ತಿಂಗಳಾಗಲು ಕಾರಣ ಹೆಚ್ಚಿನ ಸಲ ನಾಚಿಕೆ: "ಹೇಗೂ ಹೋಯ್ತಲ್ಲ, ಇನ್ನೇನು" ಎಂಬ ಭಾವ.

ಕಾಲೇಜುಗಳು ಮೂತ್ರ ಪರೀಕ್ಷೆ ಮಾಡಿಸುವುದುಂಟು. ದಿನಾ ಗಾಂಜಾ ಸೇದುತ್ತಿದ್ದವರ ಮೂತ್ರದಲ್ಲಿ, ಬಿಟ್ಟು ಒಂದು ತಿಂಗಳಾದರೂ ಅದರ ಅಂಶ ಕಾಣಬಹುದು. ಮೂರು ವಾರದ ಚಿಕಿತ್ಸೆ ಮುಗಿಸಿ ಬಂದವನಿಗೆ ಪಾಸಿಟಿವ್ ಬಂದಿತೆಂದು ಸಸ್ಪೆಂಡ್ ಮಾಡುವ ಮುನ್ನ ಶಿಸ್ತು ಸಮಿತಿಯವರು ಇದನ್ನು ನೆನೆಯಬೇಕು. ಪೊಲೀಸ್ ಕೇಸಿನ ಭಯಕ್ಕೆ ಚಿಕಿತ್ಸೆಗೇ ಹೋಗದವರಿದ್ದಾರೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪಗಳಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹಿಂದಕ್ಕೆ ಹೋಗಬಹುದು. ಮಾರಾಟಕ್ಕೆ ಇದು ಅನ್ವಯಿಸದು. ಕೇಸಿದ್ದರೆ ವಕೀಲರನ್ನು ಕಾಣಿ.

ಮನೆಯವರಿಗೆ

ದಿನಾ ಫೋನ್ ಮಾಡಿ, ಆದರೆ ದಿನಾ "ನನ್ ಮೇಲೆ ಆಣೆ ಮಾಡಿ ಹೇಳು" ಅನ್ನಬೇಡಿ. ಚಟದ ಮಾತು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಹತ್ತು ನಿಮಿಷ ಇರಲಿ. ಉಳಿದ ದಿನ ಹಸು ಕರು ಹಾಕಿದ್ದು, ಅಕ್ಕನ ಮಗಳ ಹಲ್ಲು ಬಿದ್ದದ್ದು ಮಾತಾಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಹುಡುಗ ಚಿಕಿತ್ಸೆ ಮುಗಿಸಿದರೆ ಕಾಲೇಜಿಗೆ ಮರಳುತ್ತಾನೆ. ಹುಡುಗಿಯಾದರೆ ಓದು ಬಿಡಿಸಿ ಗಂಡು ನೋಡಲು ಶುರುಮಾಡುವ ಮನೆಗಳಿವೆ. ಆ ಹೆದರಿಕೆಯಿಂದ ಅವರು ಕೊನೆಯವರೆಗೆ ಬಾಯಿ ಬಿಡುವುದಿಲ್ಲ. ಲೇಡೀಸ್ ಹಾಸ್ಟೆಲ್‌ನ ವಾರ್ಡನ್‌ಗಳೇ, ಒಬ್ಬಳು ನಿಮ್ಮಲ್ಲಿ ಹೇಳಿಕೊಂಡರೆ ಮನೆಗೆ ಸುದ್ದಿ ಮುಟ್ಟಿಸುವ ಮುಂಚೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮನೆಗೆ ಏನು, ಹೇಗೆ ಹೇಳುವುದೆಂದು ಅವಳನ್ನೂ ಕೂರಿಸಿಕೊಂಡೇ ಗೊತ್ತುಮಾಡಿ.

ನಿಮಗೂ ಒಂದು ಗೆರೆ

ರೂಮ್‌ಮೇಟ್ ಆಗಿ ನೀವು ಸಾಲ ಕೊಡಬೇಡಿ, ಅವನ ಮಾಲು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ, ಅವನ ಪರವಾಗಿ ಪ್ರಾಕ್ಸಿ ಹಾಕಬೇಡಿ. ರಾತ್ರಿಯೆಲ್ಲ ಕಾವಲು ಕೂತು ನಿಮ್ಮ ಸೆಮಿಸ್ಟರ್ ಹಾಳು ಮಾಡಿಕೊಳ್ಳಬೇಡಿ. ಮೂವರು ಸರದಿ ಹಾಕಿಕೊಳ್ಳಿ. ವಾರದಲ್ಲಿ ಎರಡು ಸಂಜೆ ನಿಮ್ಮದೇ ಇರಲಿ.

ಇನ್ನು ನಂಬರ್‌ಗಳು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಯಾವುದೇ ಸಂಕಟಕ್ಕೆ ಹಗಲೂ ರಾತ್ರಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ. ನಾವು ಇವನ್ನು ಮೊದಲು ಆಫೀಸಿನೆದುರಿನ ನೋಟೀಸ್ ಬೋರ್ಡಿಗೆ ಅಂಟಿಸಿದ್ದೆವು. ಎಲ್ಲರೂ ಓಡಾಡುವ ಜಾಗದಲ್ಲಿ ಅದರ ಮುಂದೆ ನಿಂತು ಬರೆದುಕೊಳ್ಳುವ ಧೈರ್ಯ ಯಾರಿಗಿದೆ? ಆಮೇಲೆ ಬಚ್ಚಲುಮನೆ ಬಾಗಿಲುಗಳ ಒಳಮಗ್ಗುಲಿಗೆ, ಚಿಲಕದ ಮೇಲುಗಡೆ ಅಂಟಿಸಿದೆವು. ತಿಂಗಳಿಗೊಮ್ಮೆ ನೀರು ತಾಗಿ ಚೀಟಿ ಕಿತ್ತುಬರುತ್ತದೆ. ಹೊಸದು ಅಂಟಿಸುವ ಕೆಲಸ ಈಗ ಹುಡುಗರೇ ನೋಡಿಕೊಳ್ಳುತ್ತಾರೆ.